ಒಬ್ಬರೇ ಬಂಡೆ ಹತ್ತುವಾಗ ಸೊಂಟದಲ್ಲಿ ಯಾವ ಬ್ರೇಕ್ ಇರಬೇಕು?

ಮಂಗಳವಾರ ನಿಮಗೆ ರಜೆ, ಜೊತೆಗೆ ಹತ್ತುವವರಿಗೆ ಆಫೀಸು. ಹಗ್ಗ ಮನೆಯಲ್ಲೇ ಇದೆ, ರಾಮನಗರ ದೂರವೇನಲ್ಲ, ಕೈ ಬೇರೆ ತುರಿಸುತ್ತಿದೆ. ಆಗ ತಲೆಗೆ ಬರುವ ಮಾತು ಇದು: "ಬಿಲೇ ಮಾಡೋಕೆ ಯಾರೂ ಇಲ್ಲದಿದ್ರೇನಂತೆ, ಗ್ರಿಗ್ರಿ ಇದೆಯಲ್ಲ, ತಾನೇ ಹಿಡ್ಕೊಳ್ಳುತ್ತೆ."

ತಾನೇ ಹಿಡಿದುಕೊಳ್ಳುವುದಿಲ್ಲ. ಬಿಲೇ ಅಂದರೆ ಹತ್ತುವವರು ಬಿದ್ದರೆ ತಡೆಯಲು ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ, ಗ್ರಿಗ್ರಿ ಅದಕ್ಕೆ ಬಳಸುವ ಬ್ರೇಕು. ಗ್ರಿಗ್ರಿ ತಯಾರಿಸುವ ಪೆಟ್ಜಲ್ ಕಂಪನಿ ಅದನ್ನು ಕರೆಯುವುದೇ ಬ್ರೇಕ್ ಹಿಡಿಯಲು ನೆರವಾಗುವ ಸಾಧನ ಎಂದು. ನೆರವು ಯಾರಿಗೆ? ಕೆಳಗಿನ ಹಗ್ಗ ಹಿಡಿದು ನಿಂತ ಕೈಗೆ. ಒಬ್ಬರೇ ಹತ್ತುವಾಗ ಆ ಕೈಯೇ ಇರುವುದಿಲ್ಲ. ಹಾಗಾಗಿ ಸಾಧನ ಆರಿಸುವ ಲೆಕ್ಕ ಇಲ್ಲಿ ಬೇರೆ.

ಮೊದಲು ಒಂದು ಗೊಂದಲ ಬಿಡಿಸೋಣ. ಒಂಟಿಯಾಗಿ ಹತ್ತುವುದು ಅಂದಕೂಡಲೇ ನಮ್ಮವರಿಗೆ ನೆನಪಾಗುವುದು ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್. ಅದು ಹಗ್ಗವಿಲ್ಲದ ಆಟ, ಈ ಬರಹಕ್ಕೆ ಸಂಬಂಧಿಸಿದ್ದಲ್ಲ. ಇಲ್ಲಿನ ಮಾತು ಹಗ್ಗ ಇಟ್ಟುಕೊಂಡು ಒಬ್ಬರೇ ಹತ್ತುವುದರದು. ಅದರಲ್ಲೂ ಎರಡು ಬಗೆ. ಬಂಡೆಯ ನೆತ್ತಿಗೆ ಹಿಂಬದಿಯಿಂದ ನಡೆದುಹೋಗಿ, ಬಂಡೆಗೆ ಹೊಡೆದಿರುವ ಬೋಲ್ಟುಗಳಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಆಮೇಲೆ ಕೆಳಗಿನಿಂದ ಆ ಹಗ್ಗದ ಗುಂಟ ಏರುವುದು ಟಾಪ್ ರೋಪ್ ಸೋಲೋ. ಹಗ್ಗವನ್ನು ಬುಡದಲ್ಲಿ ಕಟ್ಟಿ, ಬೋಲ್ಟಿಂದ ಬೋಲ್ಟಿಗೆ ತಾನೇ ಹಾಕಿಕೊಳ್ಳುತ್ತ ಏರುವುದು ಲೀಡ್ ಸೋಲೋ. ಎರಡರ ನಡುವೆ ಅಪಾಯದಲ್ಲಿ ಅಜಗಜಾಂತರ. ನಾನು ಹೇಳುವುದರಲ್ಲಿ ಹೆಚ್ಚಿನದು ಮೊದಲನೆಯದಕ್ಕೆ. ಅದೂ ಗಂಟು, ಆ್ಯಂಕರ್ (ಹಗ್ಗ ಕಟ್ಟುವ ಆಧಾರ), ರ‍್ಯಾಪೆಲ್ (ಹಗ್ಗದ ಗುಂಟ ಇಳಿಯುವುದು) ಇವೆಲ್ಲ ನಿದ್ದೆಗಣ್ಣಲ್ಲೂ ಬರುವವರಿಗೆ. ಇನ್ನೂ ಕಲಿಯುತ್ತಿರುವವರು ಆ ಮಂಗಳವಾರ ಮನೆಯಲ್ಲೇ ಇರಲಿ.

ಏರುವುದಲ್ಲ, ಇಳಿಯುವುದು

ಎಲ್ಲರೂ ಮೊದಲು ಕೇಳುವುದು "ಯಾವುದು ಹಗ್ಗದ ಮೇಲೆ ಸಲೀಸಾಗಿ ಜಾರುತ್ತೆ?" ಎಂದು. ನಾನೂ ಅದನ್ನೇ ಕೇಳಿದ್ದೆ. ಹಲ್ಲಿನ ಕ್ಯಾಮ್ (ಹಗ್ಗವನ್ನು ಒತ್ತಿ ಹಿಡಿಯುವ ಲೋಹದ ತುಂಡು) ಇರುವ ಪುಟ್ಟ ರಾಟೆಯೊಂದನ್ನು ಕೊಂಡು, ಅದರ ಜಾರಿಕೆಗೆ ಮರುಳಾಗಿ, ಮೊದಲ ದಿನವೇ ಹನ್ನೆರಡು ಮೀಟರ್ ಏರಿದೆ. ಅಲ್ಲೊಂದು ಕಡೆ ಕೈ ಸೋತಿತು, ಕೂತೆ. ಅದು ಗಟ್ಟಿಯಾಗಿ ಹಿಡಿಯಿತು. ಎಷ್ಟು ಗಟ್ಟಿ ಅಂದರೆ, ನನ್ನ ಭಾರ ಅದರ ಮೇಲಿರುವ ತನಕ ಬಿಡಿಸುವಂತಿಲ್ಲ. ಮೇಲೆ ಹೋಗಲು ತೋಳಲ್ಲಿ ಕಸುವಿಲ್ಲ, ಕೆಳಗಿಳಿಯಲು ಸಾಧನ ಒಪ್ಪುತ್ತಿಲ್ಲ. ಸಾಕ್ಷಾತ್ ತ್ರಿಶಂಕು. ಕಾಲಿಗೆ ಪಟ್ಟಿಯಿಂದ ಹೊಲಿದ ಸ್ಲಿಂಗ್‌ನ ಕುಣಿಕೆ ಕಟ್ಟಿ, ಅದರಲ್ಲಿ ನಿಂತು, ಭಾರ ತೆಗೆದು, ಬೇರೆ ಸಾಧನಕ್ಕೆ ವರ್ಗವಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಬಿಸಿಲು, ಬಾಯಾರಿಕೆ, ಕೆಳಗೆ ಯಾರೂ ಇಲ್ಲ.

ಅಂದಿನಿಂದ ನನ್ನ ಮೊದಲ ಅಳತೆಗೋಲು ಇದು: ನಡುವೆ ನೇತುಬಿದ್ದರೆ ಇಳಿಯಲು ಎಷ್ಟು ಹೊತ್ತು ಬೇಕು? ನಮ್ಮ ಕಡೆಯ ಬಂಡೆಗಳಲ್ಲಿ ಇದು ಸುಮ್ಮನೆ ಬಂದ ಪ್ರಶ್ನೆಯಲ್ಲ. ಗ್ರಾನೈಟಿನ ಚಾಚುಗಳಡಿ ಹೆಜ್ಜೇನು ಕಟ್ಟಿರುತ್ತದೆ. ಅದು ಎದ್ದರೆ ನಿಮಗೆ ಅರ್ಧ ಗಂಟೆ ಸಿಗುವುದಿಲ್ಲ. ಜೊತೆಯಲ್ಲಿ ಬಿಲೇ ಮಾಡುವವರಿದ್ದರೆ ಅವರು ಸರ್ರನೆ ಇಳಿಸಿಬಿಡುತ್ತಾರೆ. ಒಬ್ಬರೇ ಇದ್ದಾಗ ಆ ಕೆಲಸವೂ ನಿಮ್ಮ ಸೊಂಟದಲ್ಲಿರುವ ಲೋಹದ್ದೇ.

ಎರಡನೆಯ ಅಳತೆ, ಕೈ ಹಾಕದೆ ಹಗ್ಗ ಸರಿಯುತ್ತದೆಯೇ ಎಂಬುದು. ಸರಿಯದಿದ್ದರೆ ಒಂದೆರಡು ಹೆಜ್ಜೆಗೊಮ್ಮೆ ನೀವೇ ಸ್ಲ್ಯಾಕ್ (ಸಡಿಲ ಬಿದ್ದ ಹಗ್ಗ) ಎಳೆಯಬೇಕು, ಅಂದರೆ ಕಷ್ಟದ ಜಾಗದಲ್ಲೂ ಒಂದು ಕೈ ಬಿಡಬೇಕು. ಮೂರನೆಯದು, ಯಾವ ಭಂಗಿಯಲ್ಲಿ ಬಿದ್ದರೂ ಹಿಡಿಯುತ್ತದೆಯೇ: ತಲೆಕೆಳಗಾದರೆ, ಬಂಡೆಗೆ ಒತ್ತಿಕೊಂಡರೆ, ಸ್ಲ್ಯಾಬಿನಲ್ಲಿ (ಓರೆಯಾಗಿ ಮಲಗಿದ ನುಣುಪು ಬಂಡೆಯಲ್ಲಿ) ಮೆಲ್ಲನೆ ಜಾರಿದರೆ? ನಾಲ್ಕನೆಯದು ಹಗ್ಗಕ್ಕೆ ಮಾಡುವ ಗಾಯ. ಕೊನೆಯದು ಹಣ. ಇವೆಲ್ಲ ಹೆಚ್ಚಾಗಿ ಹೊರದೇಶದ ಸರಕು. ಬೆಲೆಗೆ ಹೆದರಿ ಗೊತ್ತಿಲ್ಲದವರ ಕೈಯಿಂದ ಹಳೆಯದು ಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಅದು ಎಷ್ಟು ಸಲ ಬಂಡೆಯ ಮೇಲಿಂದ ಬಿದ್ದಿದೆ ಎಂದು ನೋಡಿದರೆ ತಿಳಿಯುವುದಿಲ್ಲ, ಬೇಡ.

ಗ್ರಿಗ್ರಿ ಮತ್ತು ಅದರ ದಾಯಾದಿಗಳು

ಗ್ರಿಗ್ರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಈಗ ಸಿಗುವುದು 2019ರ ಮಾದರಿ, 175 ಗ್ರಾಂ ತೂಕ, 8.5ರಿಂದ 11 ಮಿಲಿಮೀಟರ್ ಹಗ್ಗಕ್ಕೆ. ಒಳಗೆ ತಿರುಗುವ ಒಂದು ಕ್ಯಾಮ್ ಇದೆ. ಹಗ್ಗಕ್ಕೆ ಜಗ್ಗು ಬಿದ್ದಾಗ ಅದು ತಿರುಗಿ ಹಗ್ಗವನ್ನು ಒತ್ತಿ ಹಿಡಿಯುತ್ತದೆ. ಇಷ್ಟೇ. ಹಲ್ಲಿಲ್ಲ, ಹಗ್ಗದ ಸಿಪ್ಪೆಗೆ ಗಾಯವಿಲ್ಲ. ಹಿಡಿಕೆ ಎಳೆದರೆ, ಭಾರ ಇರುವಾಗಲೇ, ಕೆಳಗೆ ಇಳಿಯಬಹುದು. ನನ್ನ ಮೊದಲ ಅಳತೆಯಲ್ಲಿ ಇದಕ್ಕೆ ಪೂರ್ಣ ಅಂಕ: ಹೆಜ್ಜೇನು ಎದ್ದರೆ ಕೆಳಗಿನ ಹಗ್ಗ ಒಂದು ಕೈಯಲ್ಲಿ, ಹಿಡಿಕೆ ಇನ್ನೊಂದರಲ್ಲಿ, ಒಂದು ನಿಮಿಷದಲ್ಲಿ ನೆಲ.

ಎರಡನೆಯ ಅಳತೆಯಲ್ಲಿ ಅದು ಸೋಲುತ್ತದೆ. ಹಗ್ಗ ಒಳಗೆ ಬಾಗಿ ಹೋಗುವುದರಿಂದ ತಿಕ್ಕಾಟ ಹೆಚ್ಚು. ತುದಿಗೆ ಒಂದೆರಡು ಕೆ.ಜಿ. ಭಾರ ಕಟ್ಟಿದರೆ, ಅಂದರೆ ತುಂಬಿದ ನೀರಿನ ಬಾಟಲಿಯನ್ನೋ ಚಪ್ಪಲಿ ತುಂಬಿದ ಚೀಲವನ್ನೋ ನೆಲದಿಂದ ಗೇಣುದ್ದ ಮೇಲೆ ತೂಗಿಬಿಟ್ಟರೆ, ನೇರ ಗೋಡೆಯಲ್ಲಿ ಸ್ವಲ್ಪ ಸರಿಯುತ್ತದೆ. ಆದರೂ ಕೈ ಹಾಕಲೇಬೇಕು. ಸಾವನದುರ್ಗದಂಥ ಸ್ಲ್ಯಾಬಿನಲ್ಲಿ ಆ ಭಾರವೂ ಕೆಲಸಕ್ಕೆ ಬಾರದು, ಏಕೆಂದರೆ ಹಗ್ಗ ತೂಗುವುದೇ ಇಲ್ಲ, ಬಂಡೆಯ ಮೈಮೇಲೆ ಮಲಗಿರುತ್ತದೆ. ಅಲ್ಲಿ ಅಂಗೈಯ ಒತ್ತಡದಲ್ಲಿ ಸಮತೋಲ ಹಿಡಿದು ನಿಂತವರು ಸ್ಲ್ಯಾಕ್ ಎಳೆಯಲು ಕೈ ಎತ್ತಿದರೆ ಆ ಎತ್ತುವಿಕೆಯೇ ಬೀಳಲು ಕಾರಣವಾಗುತ್ತದೆ.

ಮೂರನೆಯದರಲ್ಲಿ ಪಾಸು, ಆದರೆ ಷರತ್ತಿನ ಮೇಲೆ. ನೇರವಾಗಿ ಕೂತರೆ ಚೆನ್ನಾಗಿ ಹಿಡಿಯುತ್ತದೆ. ಕ್ಯಾಮ್ ತಿರುಗಲು ಅಡ್ಡಿಯಾದರೆ ಮಾತ್ರ ಕೆಟ್ಟಿತು: ಸಾಧನ ಬಂಡೆಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡರೆ, ಅಂಗಿ ಒಳಗೆ ಹೊಕ್ಕರೆ, ಬೀಳುವ ಭಯದಲ್ಲಿ ಕೈ ಹಿಡಿಕೆಯನ್ನೇ ಬಿಗಿಯಾಗಿ ಹಿಡಿದರೆ. ಸ್ಲ್ಯಾಬಿನ ನಿಧಾನ ಜಾರಿಕೆಯಲ್ಲಿ, ಅದರಲ್ಲೂ ತೆಳುವಾದ ಹೊಸ ಹಗ್ಗದಲ್ಲಿ, ಕ್ಯಾಮನ್ನು ಎಬ್ಬಿಸುವ ಜಗ್ಗು ತಡವಾಗಬಹುದು. ಇನ್ನು ಹಗ್ಗವನ್ನು ತಿರುಗಾಮುರುಗಾ ಹಾಕಿದರೆ ಅದು ಹಿಡಿಯುವುದೇ ಇಲ್ಲ. ಮೈಮೇಲೆ ಚಿತ್ರ ಕೊರೆದಿದ್ದಾರೆ. ಹತ್ತುವ ಮನುಷ್ಯನ ಚಿತ್ರದ ಕಡೆಯ ಹಗ್ಗ ಮೇಲಿನ ಆ್ಯಂಕರಿಗೆ ಹೋಗಬೇಕು. ನೆಲದಿಂದ ಒಂದಡಿ ಮೇಲೇರಿ, ಕೂತು, ಹಿಡಿಯಿತೇ ನೋಡದೆ ಮುಂದಿನ ಹೆಜ್ಜೆ ಇಲ್ಲ.

ಗ್ರಿಗ್ರಿ ಪ್ಲಸ್ 200 ಗ್ರಾಂ, ಬೆಲೆಯೂ ಹೆಚ್ಚು. ಅದರಲ್ಲಿ ಟಾಪ್ ರೋಪ್ ಮತ್ತು ಲೀಡ್ ಎಂಬ ಎರಡು ಸ್ಥಾನಗಳ ಗುಂಡಿ ಇದೆ. ಜೊತೆಗೆ, ಹಿಡಿಕೆಯನ್ನು ಗಾಬರಿಯಲ್ಲಿ ಪೂರ್ತಿ ಎಳೆದರೆ ಇಳಿತ ನಿಂತುಬಿಡುವ ವ್ಯವಸ್ಥೆಯೂ ಇದೆ. ಒಂಟಿಯಾಗಿ ಇಳಿಯುವವರಿಗೆ ಈ ಎರಡನೆಯದು ದುಡ್ಡಿಗೆ ತಕ್ಕ ಮಾಲು. ಎಡೆಲ್‌ರಿಡ್‌ನ ಪಿಂಚ್‌ನಲ್ಲೂ ಇಂಥ ಗಾಬರಿ ತಡೆ ಉಂಟು. ಅದನ್ನು ಕ್ಯಾರಬೈನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಇಲ್ಲದೆ ಹಾರ್ನೆಸ್ಸಿಗೇ (ಸೊಂಟ, ತೊಡೆಗೆ ಕಟ್ಟುವ ಪಟ್ಟಿಗೇ) ನೇರ ಕೂಡಿಸಬಹುದು. ಹಾಗಾಗಿ ಕ್ಯಾರಬೈನರ್ ಅಡ್ಡ ತಿರುಗಿ ಅಡ್ಡಭಾರ ಬೀಳುವ ತಲೆನೋವು ತಪ್ಪುತ್ತದೆ. 2024ರಲ್ಲಿ ಬಂದ ಪೆಟ್ಜಲ್ ನಿಯೋಕ್ಸ್‌ನಲ್ಲಿ ತಿರುಗುವ ಗಾಲಿ ಇದೆ. ಹಗ್ಗ ಬೆಣ್ಣೆಯಂತೆ ಸರಿಯುತ್ತದೆ. ಇಬ್ಬರಿರುವಾಗ ಲೀಡ್ ಬಿಲೇಗೆ ಅದು ಹಬ್ಬ. ಹಿಡಿಯಲು ಅದು ಕೆಳಗಿನ ಕೈಯನ್ನು ಹೆಚ್ಚು ನಂಬುತ್ತದೆ, ಹಾಗಾಗಿ ಒಂಟಿ ಕೆಲಸಕ್ಕೆ ನಾನು ತೆಗೆದುಕೊಳ್ಳುವುದಿಲ್ಲ.

ಮ್ಯಾಮಟ್ ಸ್ಮಾರ್ಟ್, ಮೆಗಾ ಜೂಲ್ ಥರದ, ಒಳಗೆ ಓಡಾಡುವ ಭಾಗವೇ ಇಲ್ಲದ ಬ್ರೇಕುಗಳ ಬಗ್ಗೆ ಕೇಳುವವರಿಗೆ ಒಂದೇ ಮಾತು: ಬೇಡ. ಅವು ಹಿಡಿಯುವುದು ಕೈ ಮತ್ತು ಕ್ಯಾರಬೈನರ್ ಸರಿಯಾದ ಜಾಗದಲ್ಲಿದ್ದಾಗ ಮಾತ್ರ.

ಉಡದ ಪಟ್ಟು: ಹಲ್ಲಿನ ಕ್ಯಾಮ್

ಪೆಟ್ಜಲ್ ಮೈಕ್ರೋ ಟ್ರ್ಯಾಕ್ಷನ್, ಕ್ಯಾಂಪ್ ಲಿಫ್ಟ್ ಮುಂತಾದವು ಬಿಲೇ ಸಾಧನಗಳೇ ಅಲ್ಲ. ಹಗ್ಗವನ್ನು ಒಂದೇ ದಿಕ್ಕಿಗೆ ಬಿಡುವ ಹಿಡಿತದ ಸಾಧನಗಳು. ಕೋಟೆ ಗೋಡೆಗೆ ಉಡ ಎಸೆದು ಅದರ ಸೊಂಟದ ಹಗ್ಗ ಹಿಡಿದು ಏರುತ್ತಿದ್ದರೆಂಬ ಕಥೆ ಕೇಳಿದ್ದೇವಲ್ಲ, ಇವುಗಳ ಪಟ್ಟು ಆ ಜಾತಿಯದು. ಮೈಕ್ರೋ ಟ್ರ್ಯಾಕ್ಷನ್ ತೂಕ ಬರೀ 85 ಗ್ರಾಂ. ಕುತ್ತಿಗೆಗೆ ಹಾಕಿದ ಎಲಾಸ್ಟಿಕ್ ದಾರವೋ ಎದೆಯ ಹಾರ್ನೆಸ್ಸೋ ಅದನ್ನು ನೆಟ್ಟಗೆ ನಿಲ್ಲಿಸಿದರೆ, ಹಗ್ಗದ ತುದಿಗೆ ಭಾರವಿದ್ದರೆ, ನೀವು ಏರಿದಂತೆ ಅದೂ ಸದ್ದಿಲ್ಲದೆ ಏರುತ್ತದೆ. ಎರಡೂ ಕೈ ಬಂಡೆಯ ಮೇಲೆಯೇ. ಹತ್ತುವ ಸುಖದಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದೇ ಮಾರ್ಗವನ್ನು ಹತ್ತು ಸಲ ಅಭ್ಯಾಸ ಮಾಡುವವರು ಇದಕ್ಕೆ ಒಲಿಯುವುದು ಸಹಜ.

ಇಳಿಯುವ ವಿಷಯದಲ್ಲಿ ಇದರ ಗತಿ ಏನೆಂದು ಆಗಲೇ ಹೇಳಿದೆ. ಇನ್ನೆರಡು ದೋಷಗಳು ಅದಕ್ಕಿಂತ ಗಂಭೀರ. ಮೊದಲನೆಯದು, ಸ್ಲ್ಯಾಕ್ ಇಟ್ಟು ಬಿದ್ದರೆ ಹಲ್ಲುಗಳು ಹಗ್ಗದ ಸಿಪ್ಪೆ ಹರಿಯುತ್ತವೆ. ಸುಮಾರು 4 ಕಿಲೋನ್ಯೂಟನ್, ಅಂದರೆ 400 ಕೆ.ಜಿ. ತೂಗಿದಷ್ಟು ಜಗ್ಗು ಬಿದ್ದರೆ ಸಿಪ್ಪೆಗೆ ಅಪಾಯ. 70 ಕೆ.ಜಿ.ಯ ಮನುಷ್ಯ ಸುಮ್ಮನೆ ಕೂತರೆ ಬೀಳುವುದು 0.7 ಮಾತ್ರ, ಚಿಂತೆಯಿಲ್ಲ. ಆದರೆ ಹಿಗ್ಗದ ಹಗ್ಗದಲ್ಲಿ, ಆ್ಯಂಕರಿನ ಹತ್ತಿರ ಹೋಗಿ, ಒಂದು ಮೀಟರ್ ಸಡಿಲ ಬಿಟ್ಟು ಬಿದ್ದರೆ ಲೆಕ್ಕ ಥಟ್ಟನೆ ಮೇಲೇರುತ್ತದೆ. ಹಾಗಾಗಿ ಹಗ್ಗ ಸರಿಯದೆ ನಿಂತಿದ್ದು ಕಂಡರೆ ನೀವೂ ನಿಲ್ಲಬೇಕು. ನೆತ್ತಿಯ ಕೊನೆಯ ಮೀಟರಿನಲ್ಲಿ ಆ್ಯಂಕರನ್ನು ದಾಟಿ ಹೋಗಲೇಬಾರದು.

ಎರಡನೆಯದು, ಮೈಕ್ರೋ ಟ್ರ್ಯಾಕ್ಷನ್ನಿನ ಕ್ಯಾಮನ್ನು ತೆರೆದ ಸ್ಥಿತಿಯಲ್ಲೇ ನಿಲ್ಲಿಸುವ ಒಂದು ಗುಂಡಿ ಇದೆ. ರಾಟೆಯಾಗಿ ಬಳಸುವವರಿಗೆ ಅದು ಅನುಕೂಲ, ನಮಗೆ ಶತ್ರು. ಬಂಡೆಗೆ ಉಜ್ಜಿಯೋ ಬಟ್ಟೆ ಸಿಕ್ಕಿಯೋ ಕ್ಯಾಮ್ ಹಿಂದಕ್ಕೆ ಸರಿದು ಅಲ್ಲೇ ಕೂತುಬಿಟ್ಟರೆ, ಹಗ್ಗ ಎಂದಿನಂತೆ ಸಲೀಸಾಗಿ ಸರಿಯುತ್ತಲೇ ಇರುತ್ತದೆ. ಏನೂ ಕೆಟ್ಟಿಲ್ಲ ಎಂದೇ ಅನಿಸುತ್ತದೆ. ಬಿದ್ದಾಗಲೇ ಗೊತ್ತಾಗುವುದು. ಬಾದಾಮಿಯ ಮರಳುಗಲ್ಲಿನಲ್ಲಿ ಕ್ಯಾಮಿನ ಸಂದಿಗೆ ನುಣುಪು ಮರಳು ಸೇರಿ ಸ್ಪ್ರಿಂಗ್ ಮಂಕಾಗುವುದನ್ನೂ ನೋಡಿದ್ದೇನೆ. ಪ್ರತಿ ಸಂಜೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುವುದು ನನ್ನ ಪದ್ಧತಿ.

ಈ ಕಾರಣಕ್ಕೆ ಹಲ್ಲಿನ ಕ್ಯಾಮ್ ಒಂದೇ ಒಂದನ್ನು ನಂಬಿ ಹತ್ತುವುದು ತಪ್ಪು. ಎರಡು ಬೇಕು. ಎರಡೂ ಒಂದೇ ಮಾದರಿಯವಾದರೆ ಒಂದನ್ನು ಕೆಡಿಸಿದ ಕಾರಣವೇ ಇನ್ನೊಂದನ್ನೂ ಕೆಡಿಸಬಹುದು, ಹಾಗಾಗಿ ಬೇರೆ ಬೇರೆ ಜಾತಿಯವಾದರೆ ಮೇಲು. ಒಂದಕ್ಕೊಂದು ತಾಗಿ ಅಡ್ಡಿಯಾಗದಷ್ಟು ಅಂತರ ಇರಬೇಕು. ಇನ್ನೂ ಒಳ್ಳೆಯದು ಎರಡನೆಯದಕ್ಕೆ ಪ್ರತ್ಯೇಕ ಹಗ್ಗ, ಪ್ರತ್ಯೇಕ ಆ್ಯಂಕರ್. ಒಂದು ಹಗ್ಗ ಬಂಡೆಯ ಅಂಚಿನಲ್ಲಿ ತೇದು ಹೋದರೂ ಇನ್ನೊಂದಿರುತ್ತದೆ. ಅಷ್ಟು ಹಗ್ಗ ಹೊತ್ತು ಬೆಟ್ಟ ಹತ್ತುವುದು ಯಾರಿಗೆ ಬೇಕು ಎಂದರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೆನ್ನು ನನಗೂ ನೋಯುತ್ತದೆ.

ಇನ್ನುಳಿದವು, ಬೇಗ ಬೇಗ

ಪೆಟ್ಜಲ್ ಶಂಟ್ ಹಳೆಯ ಕಾಲದ ಹಿಡಿತದ ಸಾಧನ. ಹಲ್ಲಿಲ್ಲ, ಹೆಚ್ಚು ಜಗ್ಗು ಬಿದ್ದರೆ ಹರಿಯುವ ಬದಲು ಜಾರುತ್ತದೆ, ಅದು ಗುಣವೇ. ಆದರೆ ಬೀಳುವಾಗ ಅದನ್ನೇ ಕೈಯಲ್ಲಿ ಹಿಡಿದರೆ ಹಗ್ಗ ಬಿಟ್ಟುಬಿಡುತ್ತದೆ. ಬೀಳುವ ಮನುಷ್ಯ ಮೊದಲು ಹಿಡಿಯುವುದು ಕಣ್ಣೆದುರು ಇರುವುದನ್ನೇ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಫ್ರಾನ್ಸಿನ ಟಾಜ್ ಕಂಪನಿಯ ಲವ್ ಸಾಧನಗಳು ಇದಕ್ಕೆಲ್ಲ ಮದ್ದಾಗಿ ಬಂದವು: ಏರುವಾಗ ಹಗ್ಗದ ಮೇಲೆ ತಾವೇ ಸರಿಯುತ್ತವೆ, ಕೂತಾಗ ಹಿಡಿಯುತ್ತವೆ, ಹಿಡಿಕೆ ಎಳೆದರೆ ಇಳಿಸುತ್ತವೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಸಮಸ್ಯೆ ಜೇಬಿನದು. ಇಲ್ಲಿಯ ಅಂಗಡಿಗಳಲ್ಲಿ ಸುಲಭಕ್ಕೆ ಕಾಣಸಿಗುವುದಿಲ್ಲ, ತರಿಸಿಕೊಂಡರೆ ದುಬಾರಿ. ವಾರಕ್ಕೆರಡು ಸಲ ಒಬ್ಬರೇ ಹತ್ತುವವರಿಗೆ ಆ ಖರ್ಚು ಸಮರ್ಥನೀಯ, ವರ್ಷಕ್ಕೆ ನಾಲ್ಕು ಸಲ ಹತ್ತುವವರಿಗೆ ಅಲ್ಲ. ಇದ್ದರೂ ಎರಡನೆಯ ಆಧಾರ ಬೇಕೇ ಬೇಕು.

ಎಲ್ಲಕ್ಕಿಂತ ಅಗ್ಗದ್ದು ಗಂಟು. ಕೆಳಗೆ ಇಳಿಬಿದ್ದ ಹಗ್ಗದಲ್ಲಿ ಎರಡು ಮೂರು ಮೀಟರಿಗೊಮ್ಮೆ ಎಂಟರ ಗಂಟು ಹಾಕಿ, ಬೀಗವಿರುವ ಬೇರೆ ಕ್ಯಾರಬೈನರ್‌ನಿಂದ ಹಾರ್ನೆಸ್ಸಿಗೆ ಸಿಕ್ಕಿಸುವುದು. ಸಾಧನ ಪೂರ್ತಿ ಕೈಕೊಟ್ಟರೂ ಗಂಟು ಹಿಡಿಯುತ್ತದೆ. ಬೆಲೆ ಏನಿದ್ದರೂ ಸಮಯದ್ದು: ಪ್ರತಿ ಗಂಟಿಗೂ ನಿಲ್ಲಲು ಜಾಗ ಬೇಕು, ಬೀಳುವ ದೂರವೂ ಹೆಚ್ಚು. ಹಗ್ಗದ ತುದಿಯ ಭಾರದಿಂದ ತಾನೇ ಸರಿಯುವ ಅನುಕೂಲವೂ ಇದರಿಂದ ತಪ್ಪಿಹೋಗುತ್ತದೆ.

ಹಗ್ಗದ ಮಾತು

ಸಾಧನಕ್ಕೆ ಸಾವಿರಗಟ್ಟಲೆ ಸುರಿದು ಹಗ್ಗದ ಬಗ್ಗೆ ಯೋಚಿಸದವರೇ ಹೆಚ್ಚು. ಲೀಡಿಗೆ ಬಳಸುವ ಡೈನಮಿಕ್ ಹಗ್ಗ 80 ಕೆ.ಜಿ. ಭಾರಕ್ಕೆ ನೂರಕ್ಕೆ 7ರಿಂದ 9ರಷ್ಟು ಹಿಗ್ಗುತ್ತದೆ. 25 ಮೀಟರ್ ಎತ್ತರದಿಂದ ಕಟ್ಟಿದ್ದರೆ ಸುಮಾರು ಎರಡು ಮೀಟರ್. ನೆಲದಿಂದ ಒಂದೂವರೆ ಮೀಟರ್ ಮೇಲಿದ್ದಾಗ ಬಿದ್ದರೆ, ಸಾಧನ ಚೆನ್ನಾಗಿ ಹಿಡಿದರೂ ನೀವು ನೆಲದ ಮೇಲೇ ಇರುತ್ತೀರಿ. ಹಿಗ್ಗುವಾಗ ಹಗ್ಗ ಅಂಚಿನ ಮೇಲೆ ಹಿಂದೆ ಮುಂದೆ ಗರಗಸದಂತೆ ಉಜ್ಜುತ್ತದೆ ಬೇರೆ. ಹಾಗಾಗಿ ಟಾಪ್ ರೋಪ್ ಸೋಲೋಗೆ ಕಡಿಮೆ ಹಿಗ್ಗುವ ಸೆಮಿ ಸ್ಟ್ಯಾಟಿಕ್ ಹಗ್ಗ ಒಳ್ಳೆಯದು. 10 ಮಿಲಿಮೀಟರ್ ಆಸುಪಾಸಿನದು ಗ್ರಿಗ್ರಿಗೂ ಮೈಕ್ರೋ ಟ್ರ್ಯಾಕ್ಷನ್‌ಗೂ ಒಗ್ಗುತ್ತದೆ. ಅಂಚಿಗೆ ದಪ್ಪ ಗೋಣಿಯನ್ನೋ ಹಗ್ಗದ ತೋಳನ್ನೋ ಹಾಕಿ, ಅದು ಸರಿಯದಂತೆ ಕಟ್ಟಿ. ನಮ್ಮ ಗ್ರಾನೈಟಿನ ಹರಳು ಹಗ್ಗಕ್ಕೆ ಉಪ್ಪುಕಾಗದ ಇದ್ದಂತೆ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಸಾಧನಕ್ಕೆ ದುಡ್ಡಿದೆ, ಅಪರೂಪಕ್ಕೆ ಒಬ್ಬರೇ ಹತ್ತುತ್ತೀರಿ, ಉಳಿದಂತೆ ಜೊತೆಗಾರರೊಂದಿಗೆ ಎಂದಾದರೆ ಗ್ರಿಗ್ರಿ ಮತ್ತು ಗಂಟು. ಆ ಗ್ರಿಗ್ರಿ ಮಿಕ್ಕ ದಿನಗಳಲ್ಲೂ ದುಡಿಯುತ್ತದೆ. ಹತ್ತುವುದು ನಿಧಾನ, ಕಿರಿಕಿರಿ, ಆದರೆ ಯಾವ ಕ್ಷಣದಲ್ಲೂ ಇಳಿಯಬಹುದು. ನಿಮ್ಮ ಮಿತಿಗಿಂತ ಸುಲಭದ ಮಾರ್ಗ ಆರಿಸಿಕೊಳ್ಳಿ, ಕೈ ಬಿಡಲು ಜಾಗ ಸಿಗುತ್ತದೆ.

ನೇರ ಅಥವಾ ಮುಂಚಾಚಿದ ಗೋಡೆಯಲ್ಲಿ ಕಠಿಣ ಮಾರ್ಗವನ್ನು ಮತ್ತೆ ಮತ್ತೆ ಅಭ್ಯಾಸ ಮಾಡುವವರಿಗೆ ಎದೆಯ ಮೇಲೆ ಹಲ್ಲಿನ ಕ್ಯಾಮ್, ಎರಡನೆಯ ಹಗ್ಗದಲ್ಲಿ ಬೇರೆ ಜಾತಿಯ ಇನ್ನೊಂದು, ಹಾರ್ನೆಸ್ಸಿನ ಪಕ್ಕದಲ್ಲಿ ಇಳಿಯಲೆಂದು ಗ್ರಿಗ್ರಿ, 120 ಸೆಂಟಿಮೀಟರ್ ಸ್ಲಿಂಗ್, ಹಗ್ಗಕ್ಕೆ ಸುತ್ತಿದರೆ ಬಿಗಿದು ಹಿಡಿಯುವ ಪ್ರೂಸಿಕ್ ದಾರ. ಖರ್ಚು ಮೊದಲನೆಯದರ ಎರಡು ಮೂರು ಪಟ್ಟು. ಮುಂಚಾಚಿದ ಗೋಡೆಯಲ್ಲಿ ಬಿದ್ದರೆ ಬಂಡೆ ಕೈಗೆಟುಕದು ಎಂಬುದು ನೆನಪಿರಲಿ. ಕಾಲಿನ ಕುಣಿಕೆಯ ಕಸರತ್ತು ಬಾರದವರು ಅಲ್ಲಿ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ.

ಉದ್ದ ಸ್ಲ್ಯಾಬಿನವರಿಗೆ ನನ್ನ ಸಲಹೆ ನಿರಾಸೆಯದು. ಅಲ್ಲಿ ಗ್ರಿಗ್ರಿಯೂ ಸರಿಯದು, ಹಲ್ಲಿನದೂ ಚೆನ್ನಾಗಿ ಸರಿಯದು. ಇದ್ದುದರಲ್ಲಿ ಹಲ್ಲಿನದು ವಾಸಿ, ಮೊದಲ ಐದಾರು ಮೀಟರ್ ಕೈಯಿಂದಲೇ ಹಗ್ಗ ಸರಿಸುತ್ತ. ಅಷ್ಟಕ್ಕಿಂತ, ಸ್ಲ್ಯಾಬಿಗೆ ಶನಿವಾರ ಜೊತೆಗಾರರನ್ನು ಕರೆದುಕೊಂಡು ಹೋಗಿ.

ಲೀಡ್ ಸೋಲೋ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಬ್ರಿಟನ್ನಿನ ಪೀಟ್ ವಿಟೇಕರ್ 2016ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಗೋಡೆಯ ಫ್ರೀರೈಡರ್ ಮಾರ್ಗವನ್ನು ಒಬ್ಬರೇ, ಹಗ್ಗದೊಂದಿಗೆ, ಒಂದೇ ದಿನದೊಳಗೆ ಹತ್ತಿದ ಮೇಲೆ ಎಲ್ಲರಿಗೂ ಆ ಆಸೆ. ಆದರೆ ಗ್ರಿಗ್ರಿಯನ್ನು ಆ ಬಳಕೆಗೆ ಪೆಟ್ಜಲ್ ಒಪ್ಪಿಲ್ಲ. ಅಲ್ಲಿ ಬೀಳುವ ದೂರ ಹೆಚ್ಚು, ಸಾಧನ ತಲೆಕೆಳಗಾಗುವ ಸಾಧ್ಯತೆ ಹೆಚ್ಚು, ಬುಡದ ಆ್ಯಂಕರ್ ಮೇಲ್ಮುಖ ಜಗ್ಗನ್ನು ತಡೆಯಬೇಕು. ಹಗ್ಗ ಸಲೀಸಾಗಲಿ ಎಂದು ಗ್ರಿಗ್ರಿಯ ಅಂಚು ಅರದಿಂದ ಉಜ್ಜುವವರು, ತೂತು ಕೊರೆಯುವವರು ಇದ್ದಾರೆ. ಆ ಕೆಲಸವಾದ ಮೇಲೆ ಅದು ಯಾವ ಪರೀಕ್ಷೆಯನ್ನೂ ಪಾಸು ಮಾಡಿದ ಸಾಧನವಲ್ಲ. ಇದನ್ನು ಓದಿ ಆರಿಸುವ ವಿಷಯವಲ್ಲ, ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವುದು.

ಏನೇ ಕೊಂಡರೂ ಮೊದಲ ದಿನ ಬಂಡೆಗೆ ಒಯ್ಯಬೇಡಿ. ಗಟ್ಟಿಮುಟ್ಟಾದ ಮರದ ಕೊಂಬೆಗೆ ಹಗ್ಗ ಕಟ್ಟಿ, ನೆಲದಿಂದ ಎರಡಡಿ ಮೇಲೆ ತೂಗಿ, ಹಲ್ಲಿನ ಸಾಧನದಿಂದ ಗ್ರಿಗ್ರಿಗೆ ವರ್ಗವಾಗಿ ಇಳಿಯಲು ಎಷ್ಟು ನಿಮಿಷ ಬೇಕು ಎಂದು ಫೋನಿನಲ್ಲಿ ಎಣಿಸಿ. ನನಗೆ ಮೊದಲ ಸಲ ಹನ್ನೊಂದು ನಿಮಿಷ ಹಿಡಿಯಿತು. ಈಗ ಎರಡಕ್ಕೆ ಬಂದಿದೆ. ಐದರೊಳಗೆ ಬಂದ ಮೇಲೆ ರಾಮನಗರದ ರೈಲು ಹತ್ತಿ. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದ ಕಡೆ ಹಗ್ಗ ಬಿಚ್ಚಬೇಡಿ. ಯಾವ ಬಂಡೆ, ಎಷ್ಟು ಗಂಟೆಗೆ ವಾಪಸು ಎಂಬುದನ್ನು ಮನೆಯವರಿಗೆ ಬರೆದಿಟ್ಟು ಹೊರಡಿ. ಫೋನು ಚೀಲದಲ್ಲಿ ಕೆಳಗಿರದೆ ಜೇಬಿನಲ್ಲಿ, ನಿಮ್ಮ ಜೊತೆ ಮೇಲೇರಲಿ.